ಜನವರಿಯಲ್ಲಿ ವಿನ್ನಿಪೆಗ್‌ಗೆ ಹೊರಟಿದ್ದೇವೆ, ಮಗಳಿಗೆ 4 ವರ್ಷ

ವಿದ್ಯಾನಗರ_ದಾವಣಗೆರೆ:
ಎಲ್ಲರಿಗೂ ನಮಸ್ಕಾರ. ನಾನು ಹುಟ್ಟಿ ಬೆಳೆದದ್ದೆಲ್ಲ ದಾವಣಗೆರೆಯಲ್ಲೇ. ಜನವರಿ ಎರಡನೇ ವಾರ ಹೆಂಡತಿ, ಮಗಳ ಜೊತೆ ಕೆನಡಾದ ವಿನ್ನಿಪೆಗ್‌ಗೆ ಹೊರಟಿದ್ದೇನೆ. ಇಲ್ಲಿ ಡಿಸೆಂಬರ್ ಬೆಳಗ್ಗೆ 15 ಡಿಗ್ರಿ ಆದರೆ ಮಗಳಿಗೆ ಕುಲಾವಿ ಕಟ್ಟಿ ಕೂರಿಸುತ್ತೇವೆ. ಅಲ್ಲಿ ಮೈನಸ್ 30ಕ್ಕೂ ಇಳಿಯುತ್ತದಂತೆ. ಅಮ್ಮ ಮಂಡಿಪೇಟೆಗೆ ಹೋಗಿ ಆರು ಸ್ವೆಟರ್, ದಪ್ಪ ಕಾಟನ್ ಬನಿಯನ್, ಸಾಕ್ಸ್ ತಂದಿಟ್ಟಿದ್ದಾರೆ. ಸಾಕಾಗುತ್ತಾ? ನನಗೆ ಹೇಗೋ ಆಗುತ್ತದೆ. ಮಗುವನ್ನು ನೆನೆಸಿಕೊಂಡರೆ ರಾತ್ರಿ ನಿದ್ದೆ ಬರುತ್ತಿಲ್ಲ.

ಚಳ್ಳಕೆರೆ_ಕಂಬಳಿ:
ನಾನು ಚಳ್ಳಕೆರೆಯವಳು. ವಿನ್ನಿಪೆಗ್‌ಗೆ ಬಂದು ಒಂಬತ್ತು ವರ್ಷ. ಮೊದಲು ಧೈರ್ಯ ತಂದುಕೊಳ್ಳಿ, ಇಲ್ಲಿನ ಮಕ್ಕಳು ಹಿಮದಲ್ಲೇ ಹೊರಳಾಡಿ ಬೆಳೆಯುತ್ತವೆ. ಆದರೆ ಆ ಕಾಟನ್ ಬನಿಯನ್ ದಯವಿಟ್ಟು ಅಲ್ಲೇ ಬಿಟ್ಟು ಬನ್ನಿ.

ನಮ್ಮೂರ ಬಿಸಿಲಿಗೆ ಹತ್ತಿಯಂಥ ಬಟ್ಟೆ ಬೇರೆ ಇಲ್ಲ. ಬೆವರು ಹೀರಿಕೊಂಡು ಮೈ ತಂಪಾಗಿಡುತ್ತದೆ. ಇಲ್ಲಿ ಅದೇ ಗುಣ ಅಪಾಯ. ಬಂದ ಮೊದಲ ಜನವರಿಯಲ್ಲಿ ಒಂದು ದಿನ ಬಸ್ಸಿಗೆ ಓಡಿದೆ. ಒಳಗೆ ಎರಡು ಕಾಟನ್ ಟೀ ಶರ್ಟ್, ಮೇಲೆ ಸ್ವೆಟರ್, ಜಾಕೆಟ್. ಚೆನ್ನಾಗಿ ಬೆವರಿದೆ. ಬಸ್ ತಪ್ಪಿತು. ಹತ್ತು ನಿಮಿಷ ನಿಂತಿದ್ದಕ್ಕೇ ಬೆನ್ನಿಗೆ ತಣ್ಣೀರ ಬಟ್ಟೆ ಸುತ್ತಿದ ಹಾಗಾಯಿತು. ಮನೆಗೆ ಬಂದ ಮೇಲೂ ಒಂದು ಗಂಟೆ ನಡುಕ ನಿಲ್ಲಲಿಲ್ಲ. ಆಗ ಅಜ್ಜ ನೆನಪಾದರು. ಕುರಿ ಕಾಯುವಾಗ ಕಂಬಳಿ ಕೊಪ್ಪೆ ಹಾಕಿಕೊಂಡು ಮಳೆಯಲ್ಲೇ ನಿಂತಿರುತ್ತಿದ್ದರು. ಉಣ್ಣೆ ಒದ್ದೆಯಾದರೂ ಬೆಚ್ಚಗಿಡುತ್ತದೆ.

ಹಾಗಾಗಿ ಮೈಗೆ ತಾಗುವಂತೆ ತೆಳು ಉಣ್ಣೆ ಅಥವಾ ಪಾಲಿಯೆಸ್ಟರ್ ಥರ್ಮಲ್. ಅದರ ಮೇಲೆ ಸ್ವೆಟರ್ ಇಲ್ಲವೇ ಫ್ಲೀಸ್ (ಮೆತ್ತನೆಯ, ಜುಂಗಿನಂಥ ಬೆಚ್ಚನೆ ಬಟ್ಟೆ). ಎಲ್ಲಕ್ಕೂ ಮೇಲೆ ಗಾಳಿ ತಡೆಯುವ ಜಾಕೆಟ್. ಅಮ್ಮ ತಂದಿದ್ದು ನಿಜವಾದ ಉಣ್ಣೆಯಾಗಿದ್ದರೆ ಖಂಡಿತ ತನ್ನಿ. ದೊಡ್ಡ ಜಾಕೆಟ್, ಬೂಟು ಇಲ್ಲೇ ಕೊಳ್ಳಿ. ಬೂಟು ಬಿಗಿ ಇರಬಾರದು. ಸಾಕ್ಸ್ ಮೇಲೆ ಸಾಕ್ಸ್ ತುರುಕಿದರೆ ರಕ್ತ ಸರಿಯಾಗಿ ಓಡದೆ ಕಾಲು ಇನ್ನೂ ಜಾಸ್ತಿ ತಣ್ಣಗಾಗುತ್ತದೆ. ಮಗುವಿಗೆ ಐದು ಬೆರಳಿನ ಗ್ಲೌಸ್ ಬೇಡ. ಬೆರಳೆಲ್ಲ ಒಟ್ಟಿಗಿರುವ ಮಿಟನ್ ಹಾಕಿ, ಒಂದಕ್ಕೊಂದು ಕಾವು ಕೊಡುತ್ತವೆ.

ಇನ್ನೊಂದು ವಿಷಯ. ಬರೀ ಡಿಗ್ರಿ ನೋಡಬೇಡಿ, ವಿಂಡ್ ಚಿಲ್ ನೋಡಿ, ಅಂದರೆ ಗಾಳಿಯೂ ಸೇರಿ ಮೈಗೆ ಎಷ್ಟು ಚಳಿ ಅನಿಸುತ್ತದೆ ಅನ್ನುವ ಲೆಕ್ಕ. ಅದು ಮೈನಸ್ 28 ದಾಟಿದರೆ ತೆರೆದ ಚರ್ಮ 10ರಿಂದ 30 ನಿಮಿಷದಲ್ಲಿ ಹೆಪ್ಪುಗಟ್ಟಬಹುದು. ಕೆನ್ನೆ, ಮೂಗಿನ ತುದಿ, ಕಿವಿ ಬೆಳ್ಳಗಾಗಿ ಜೋಮು ಹಿಡಿದರೆ ತಕ್ಷಣ ಒಳಗೆ ಬನ್ನಿ. ಉಜ್ಜಬೇಡಿ.

ಹರಿಹರ_ಹೊಳೆದಂಡೆ:
ನಾವು ಕೆನಡಾದ್ದೇ ಇನ್ನೊಂದು ಊರು ಎಡ್ಮಂಟನ್‌ನಲ್ಲಿದ್ದೇವೆ. ಮನೆಯೊಳಗೆ ಚಳಿ ಇರುವುದಿಲ್ಲ, ಆದರೆ ಹೀಟರ್ ಗಾಳಿ ತುಂಬಾ ಒಣ. ಮೊದಲ ತಿಂಗಳು ಮಗನಿಗೆ ಮೂಗಲ್ಲಿ ರಕ್ತ ಬಂದು ಹೆದರಿಬಿಟ್ಟಿದ್ದೆವು. ಗಾಳಿಗೆ ತೇವ ಕೊಡುವ ಹ್ಯುಮಿಡಿಫೈಯರ್ ಇಟ್ಟ ಮೇಲೆ ನಿಂತಿತು. ದೋಸೆ ಹಿಟ್ಟು ಹುದುಗಲು ಅವನ್ ಒಳಗಿಟ್ಟು ಲೈಟ್ ಮಾತ್ರ ಹಾಕಿ. ಡಿಸೆಂಬರ್, ಜನವರಿಯಲ್ಲಿ ಸಂಜೆ ಬೇಗ ಕತ್ತಲಾಗುತ್ತದೆ, ಮನಸ್ಸು ಮಂಕಾಗುತ್ತದೆ. ಮಧ್ಯಾಹ್ನ ಬಿಸಿಲಿದ್ದಾಗ ಮೂವರೂ ಹೊರಗೆ ಹೋಗಿ ಬನ್ನಿ.

ವಿದ್ಯಾನಗರ_ದಾವಣಗೆರೆ:
ಇಬ್ಬರಿಗೂ ತುಂಬಾ ಥ್ಯಾಂಕ್ಸ್. ಅಮ್ಮನಿಗೆ ಓದಿ ಹೇಳಿದೆ. ಮಗಳನ್ನು ಜಾಕೆಟ್ ಸಮೇತ ಕಾರ್ ಸೀಟಲ್ಲಿ ಕೂರಿಸಬಹುದಾ?

ಚಳ್ಳಕೆರೆ_ಕಂಬಳಿ:
ಒಳ್ಳೆಯದಾಯಿತು ಕೇಳಿದ್ದು. ಬೇಡವೇ ಬೇಡ. ದಪ್ಪ ಜಾಕೆಟ್ ಮೇಲೆ ಬೆಲ್ಟ್ ಬಿಗಿಯಾಗಿದೆ ಅನಿಸುತ್ತದೆ. ಡಿಕ್ಕಿಯಾದಾಗ ಜಾಕೆಟ್ ಒತ್ತಿಕೊಂಡು ಬೆಲ್ಟ್ ಸಡಿಲಾಗುತ್ತದೆ, ಮಗು ಜಾರಿಹೋಗುತ್ತದೆ. ಸ್ವೆಟರ್ ಮೇಲೆ ಬೆಲ್ಟ್ ಹಾಕಿ, ಆಮೇಲೆ ಮೇಲಿಂದ ಹೊದಿಸಿ. ನಾನು ನನ್ನ ಮಗನಿಗೆ ನಮ್ಮೂರ ಕಂಬಳಿಯನ್ನೇ ಹೊದಿಸುತ್ತಿದ್ದೆ. ಚುಚ್ಚುತ್ತದೆ ಅಂತ ಒಳಗಡೆ ಹಳೆ ಸೀರೆ ಹೊಲಿದಿದ್ದೆ.

ವಿದ್ಯಾನಗರ_ದಾವಣಗೆರೆ:
ಭಾನುವಾರವೇ ಚಳ್ಳಕೆರೆಗೆ ಹೋಗಿ ಬರುತ್ತೇವೆ. ಅಮ್ಮ ಆಗಲೇ ಸೀರೆ ತೆಗೆದಿಟ್ಟಿದ್ದಾರೆ. ಮಕ್ಕಳ ಅಳತೆಯದು ಸಿಗುತ್ತದಾ, ಇಲ್ಲ ನೇಯುವವರಿಗೆ ಹೇಳಿ ಮಾಡಿಸಬೇಕಾ?