ಬಾಸ್ಕೆಟ್‌ಬಾಲ್ ಆಡಿದವರು ಕಾಮೆಂಟರಿಗೆ ಹೋಗೋದು ಹೇಗೆ? ಅನುಭವ ಇದ್ದವರು ಹೇಳಿ

ಎಲ್ಲರಿಗೂ ನಮಸ್ಕಾರ. ನಾನು ಧಾರವಾಡದವನು. ಯೂನಿವರ್ಸಿಟಿ ಟೀಮ್‌ನಲ್ಲಿ ಪಾಯಿಂಟ್ ಗಾರ್ಡ್, ಅಂದರೆ ಚೆಂಡು ಹಿಡಿದು ಆಟ ನಡೆಸುವವನು, ಆಗಿದ್ದೆ. ಮೊಣಕಾಲಿನ ಲಿಗಮೆಂಟ್ ಹರಿದ ಮೇಲೆ ಆಟ ನಿಂತಿದೆ. ಕನ್ನಡದಲ್ಲಿ ಕಾಮೆಂಟರಿ ಹೇಳುವ ಆಸೆ. ಆದರೆ ಮೈಕ್ ಹಿಡಿದರೆ ಸ್ವಲ್ಪ ತೊದಲುತ್ತೆ. ಮನೆಯಲ್ಲಿ ಬ್ಯಾಂಕ್ ಪರೀಕ್ಷೆ ಬರಿ ಅಂತಿದ್ದಾರೆ. ಎಲ್ಲಿಂದ ಶುರು ಮಾಡಲಿ?

ಹುಬ್ಬಳ್ಳಿಯಿಂದ ಒಬ್ಬರು:
ತಮ್ಮಾ, ನಾನೂ ಆಡಿದವನೇ. ಈಗ ಈ ಕಡೆ ಟೂರ್ನಮೆಂಟ್‌ಗಳಲ್ಲಿ ಮೈಕ್ ಹಿಡಿಯುತ್ತೇನೆ. ಆಡಿದವರಿಗೆ ಒಂದು ತೊಂದರೆ ಇದೆ. ನಮಗೆ ಎಲ್ಲಾ ಕಾಣುತ್ತೆ, ಅದಕ್ಕೇ ಏನೂ ಬಿಡಿಸಿ ಹೇಳೋದಿಲ್ಲ. "ಒಳ್ಳೇ ಪಾಸ್" ಅಂದು ಸುಮ್ನಾಗ್ತೀವಿ. ಯಾಕೆ ಒಳ್ಳೇದು ಅಂತ ಕೇಳುವವರಿಗೆ ಬೇಕಲ್ವಾ? ಉದಾಹರಣೆಗೆ, ಬುಟ್ಟಿ ಹತ್ತಿರ ಆಡುವ ಸೆಂಟರ್ ಮುಂದೆ ಬಂದು ಗಾರ್ಡ್‌ನ ತಡೆಯುವ ಡಿಫೆಂಡರ್‌ಗೆ ಅಡ್ಡ ನಿಂತ. ಗಾರ್ಡ್ ಅವನ ಭುಜ ಸವರಿಕೊಂಡೇ ಒಳಗೆ ನುಗ್ಗಿದ. ಇಬ್ಬರು ಅವನ ಮೇಲೆ ಬಂದರು, ಮೂಲೆಯಲ್ಲಿ ಒಬ್ಬ ಖಾಲಿ ಉಳಿದ. ಇದನ್ನು ಚೆಂಡು ಮೂಲೆಗೆ ಹೋಗುವ ಮೊದಲೇ ಹೇಳಿದರೆ ನೀನು ಪಾಯಿಂಟ್ ಗಾರ್ಡ್ ಆಗಿದ್ದಕ್ಕೂ ಸಾರ್ಥಕ.

ಉದ್ದ ಮಾತಿಗೆ ಜಾಗ ಇಲ್ಲ. 24 ಸೆಕೆಂಡ್‌ನೊಳಗೆ ಶಾಟ್ ಆಗಬೇಕು. ರಿಂಗ್‌ಗೆ ತಾಗಿ ಬಂದ ಚೆಂಡನ್ನು ಅದೇ ಟೀಮ್ ಹಿಡಿದರೆ ಆಮೇಲೆ 14 ಸೆಕೆಂಡ್ ಅಷ್ಟೇ. ಆಟಗಾರನ ಊರು, ಹಿನ್ನೆಲೆ ಎಲ್ಲಾ ಫ್ರೀ ಥ್ರೋ, ಟೈಮ್‌ಔಟ್‌ಗೆ ಇಟ್ಟುಕೋ. ಹಳೇ ಮ್ಯಾಚ್ ಒಂದರ ಸೌಂಡ್ ಬಂದ್ ಮಾಡಿ, ಒಂದು ಕ್ವಾರ್ಟರ್‌ಗೆ ನೀನೇ ಕಾಮೆಂಟರಿ ಹೇಳಿ ರೆಕಾರ್ಡ್ ಮಾಡು. ಮರುದಿನ ಮ್ಯಾಚ್ ನೋಡದೆ ಬರೀ ನಿನ್ನ ದನಿ ಕೇಳು. ಸ್ಕೋರ್ ಎಷ್ಟು, ಚೆಂಡು ಯಾರ ಹತ್ತಿರ ಇದೆ ಅಂತ ನಿನಗೇ ತಿಳಿಯದಿದ್ದರೆ ಮತ್ತೆ ಮೊದಲಿಂದ ಹೇಳು.

ಧಾರವಾಡದಿಂದ ಒಬ್ಬರು:
ತೊದಲು ಅಂದಿದ್ದಕ್ಕೆ ಬರೆಯುತ್ತಿದ್ದೇನೆ. ಬಿಲ್ ವಾಲ್ಟನ್ ಬಗ್ಗೆ ಓದಿ. 1977ರಲ್ಲಿ ಪೋರ್ಟ್‌ಲ್ಯಾಂಡ್‌ಗೆ, 1986ರಲ್ಲಿ ಬೋಸ್ಟನ್‌ಗೆ ಅಮೆರಿಕದ ಬಾಸ್ಕೆಟ್‌ಬಾಲ್ ಲೀಗ್ ಎನ್‌ಬಿಎ ಗೆದ್ದುಕೊಟ್ಟ ಸೆಂಟರ್. ಪಾದದ ಮೂಳೆ ಮತ್ತೆ ಮತ್ತೆ ಮುರಿದು ಇಡೀ ಸೀಸನ್‌ಗಳೇ ಹಾಳಾದವು. 28 ವರ್ಷದವರೆಗೂ ಅವರಿಗೆ ಜೋರು ತೊದಲು. ಮಾರ್ಟಿ ಗ್ಲಿಕ್‌ಮನ್ ಎಂಬ ಹಿರಿಯ ಕಾಮೆಂಟೇಟರ್ ಮಾತಾಡೋದು ಹೇಳಿಕೊಟ್ಟರು. ಆಮೇಲೆ ಇದೇ ವಾಲ್ಟನ್ ದಶಕಗಳ ಕಾಲ ಟಿವಿ ಕಾಮೆಂಟರಿ ಹೇಳಿದರು. ಎಷ್ಟು ಅಂದರೆ, ಮಾತು ಜಾಸ್ತಿಯಾಯ್ತು ಅಂತ ಜನ ಬೈಯುವಷ್ಟು! ಹಾಗಂತ ಸುಮ್ನೆ ಧೈರ್ಯ ನಂಬಿ ಕೂರಬೇಡಿ. ಸ್ಪೀಚ್ ಥೆರಪಿಸ್ಟ್ ಹತ್ತಿರ ಹೋಗಿ, ದಿನಾ ಪೇಪರ್ ಗಟ್ಟಿಯಾಗಿ ಓದಿ.

ಗದಗದಿಂದ ಒಬ್ಬರು:
ಎಲ್ಲರೂ ಉಬ್ಬಿಸ್ತಿದ್ದೀರಿ. ನಾನು ಕೆಲಸದ ಮಾತು ಹೇಳುತ್ತೇನೆ. ಸ್ಟಾರ್ ಸ್ಪೋರ್ಟ್ಸ್ ಕನ್ನಡ ಚಾನೆಲ್ 2018ರಲ್ಲಿ ಬಂದ ಮೇಲೆ ಕನ್ನಡ ಕಾಮೆಂಟರಿಗೆ ಕೆಲಸ ಹುಟ್ಟಿತು, ನಿಜ. ಆದರೆ ಅಲ್ಲಿ ಕ್ರಿಕೆಟ್, ಕಬಡ್ಡಿಯದ್ದೇ ಕಾರುಬಾರು. ಎಕ್ಸ್‌ಪರ್ಟ್ ಕುರ್ಚಿ ವಿಜಯ್ ಭಾರದ್ವಾಜ್ ಥರ ಭಾರತಕ್ಕೆ ಆಡಿದವರಿಗೆ ಸಿಗುತ್ತೆ. ನಮಗೆ ಉಳಿಯೋದು ಆಟ ನಡೆದಂತೆ ಹೇಳುವ ಕೆಲಸ. ಅದಕ್ಕೆ ಬಾಸ್ಕೆಟ್‌ಬಾಲ್ ಒಂದೇ ಸಾಲದು, ಕಬಡ್ಡಿ ಕಲಿಯಿರಿ. 30 ಸೆಕೆಂಡ್ ರೈಡ್, ಎರಡು ಖಾಲಿ ಹೋದರೆ ಮೂರನೆಯದು ಡೂ ಆರ್ ಡೈ, ಅಂದರೆ ಪಾಯಿಂಟ್ ತರದಿದ್ದರೆ ರೈಡರ್ ಔಟ್. ಗಡಿಯಾರ ನೋಡ್ತಾ ಮಾತಾಡುವ ನಿಮಗೆ ಅದು ಕಷ್ಟ ಅಲ್ಲ. ಧಾರವಾಡ ಆಕಾಶವಾಣಿ 1950ರಿಂದ ನಿಮ್ಮೂರಲ್ಲೇ ಇದೆ. ಅರೆಕಾಲಿಕ ಉದ್ಘೋಷಕರನ್ನು ಕರೆದಾಗ ಧ್ವನಿ ಪರೀಕ್ಷೆಗೆ ಹೋಗಿ ಬನ್ನಿ.

ಕೇಳಿದವರು:
ಎಲ್ಲರಿಗೂ ಥ್ಯಾಂಕ್ಸ್. ಹುಬ್ಬಳ್ಳಿ ಅಣ್ಣಾ, ಟೂರ್ನಮೆಂಟ್‌ನಲ್ಲಿ ದುಡ್ಡು ಕೊಡ್ತಾರಾ?

ಹುಬ್ಬಳ್ಳಿಯವರು:
ಮೊದಮೊದಲು ಊಟ, ಒಂದು ಟೀ ಶರ್ಟ್. ಹೆಸರಾದ ಮೇಲೆ ದಿನದ ಲೆಕ್ಕ. ಬಾಯಿಮಾತು ನಂಬಬೇಡ, ವಾಟ್ಸಾಪ್‌ನಲ್ಲಿ ಬರೆಸಿಕೋ. ಒಬ್ಬ ಆಯೋಜಕರು ಫೈನಲ್ ಮುಗಿದ ಮೇಲೆ ನನ್ನ ಫೋನೇ ಎತ್ತಲಿಲ್ಲ. ಬ್ಯಾಂಕ್ ಪರೀಕ್ಷೆ ಫಾರ್ಮೂ ತುಂಬಿಬಿಡು. ನಮ್ಮ ಕಡೆ ಮ್ಯಾಚ್ ಜಾಸ್ತಿ ಶನಿವಾರ ಸಂಜೆ, ಭಾನುವಾರವೇ.