ಆರ್‌1: ಘಟ್ಟಕ್ಕೆ ಮುಂದಿನ ಹಲ್ಲು ಇಳಿಸುವುದೋ, ಹಿಂದಿನದು ಏರಿಸುವುದೋ?

ದೇವಿಮನೆ_ತಿರುವು (ಶಿರಸಿ):

ಗಾಡಿ 2010ರ ಯಮಹಾ ಆರ್‌1 ಬೈಕ್. ಸ್ಪ್ರಾಕೆಟ್ (ಚೈನ್ ಓಡುವ ಹಲ್ಲುಚಕ್ರ) ಎರಡೂ ಕಂಪನಿಯವೇ, ಮುಂದೆ 17 ಹಲ್ಲು, ಹಿಂದೆ 47. ಚೈನ್ 530 ಅಳತೆಯದು, 120 ಲಿಂಕ್. ಓಡಾಟ ಶಿರಸಿಯಿಂದ ದೇವಿಮನೆ ಘಟ್ಟ ಇಳಿದು ಕುಮಟಾ, ಅಲ್ಲಿಂದ 66ನೇ ಹೆದ್ದಾರಿ ಹಿಡಿದು ಕಾರವಾರ, ವಾಪಸ್ಸೂ ಅದೇ ದಾರಿ. ಹೆದ್ದಾರಿಯಲ್ಲಿ ತಕರಾರಿಲ್ಲ. ಘಟ್ಟ ಹತ್ತುವಾಗ ತಿರುವಿನಲ್ಲಿ ಲಾರಿ ಸಿಕ್ಕಿತೆಂದರೆ ಒಂದನೇ ಗೇರಿನಲ್ಲೂ ಎಂಜಿನ್ ಕುಟ್ಟುತ್ತದೆ, ಅರ್ಧ ಕ್ಲಚ್ಚಿನಲ್ಲೇ ಏರಿಸಬೇಕು. ಮುಂದೆ ಒಂದು ಹಲ್ಲು ಕಡಿಮೆ ಮಾಡಿದರೆ ಮುಗಿಯಿತು ಎನ್ನುತ್ತಾರೆ. ಅಷ್ಟೇ ಸಾಕೋ? ಹಳೇ ಚೈನ್ ಇಟ್ಟುಕೊಳ್ಳಬಹುದೋ? ಸ್ಪೀಡೋಮೀಟರ್ ಏನಾಗುತ್ತದೆ?

ಹಲ್ಲೆಣಿಕೆ (ಕುಮಟಾ):

ಮೊದಲು ಲೆಕ್ಕ ನೋಡಿ, ಆಮೇಲೆ ಸ್ಪ್ಯಾನರ್ ಹಿಡಿಯಿರಿ.

ಈಗಿನ ಅನುಪಾತ 47 ಭಾಗಿಸು 17, ಅಂದರೆ 2.765. ಈ ಮಾಡೆಲ್‌ನ ಪ್ರೈಮರಿ (ಎಂಜಿನ್ನಿನಿಂದ ಕ್ಲಚ್ಚಿಗೆ ಹೋಗುವ ಗೇರು) 65/43, ಒಂದನೇ ಗೇರು 38/15. ಮೂರನ್ನೂ ಗುಣಿಸಿದರೆ ಸುಮಾರು 10.6. ಎಂಜಿನ್ ಅಷ್ಟು ಸುತ್ತು ತಿರುಗಿದಾಗ ಹಿಂದಿನ ಚಕ್ರ ಒಂದು ಸುತ್ತು. 190/55 ಟೈರಿನ ಸುತ್ತಳತೆ ಹತ್ತಿರ ಹತ್ತಿರ 2 ಮೀಟರ್. ಲಾರಿ ಹಿಂದೆ ಗಂಟೆಗೆ 15 ಕಿ.ಮೀ. ವೇಗದಲ್ಲಿ ತೆವಳುವಾಗ ನಿಮ್ಮ ಎಂಜಿನ್ 1,320 ಆರ್‌ಪಿಎಂನಲ್ಲಿರುತ್ತದೆ. ಐಡಲ್‌ಗಿಂತ ಒಂದು ಕೂದಲೆಳೆ ಮೇಲೆ! ಕುಟ್ಟದೆ ಇನ್ನೇನು ಮಾಡೀತು.

ಮುಂದೆ 16 ಹಾಕಿದರೆ ಅದೇ ವೇಗಕ್ಕೆ 1,400. ಮುಂದೆ 16, ಹಿಂದೆ 49 ಮಾಡಿದರೂ 1,470ರ ಹತ್ತಿರ. ಹಾಗಾಗಿ 15ರ ವೇಗದಲ್ಲಿ ಕ್ಲಚ್ ಹಿಡಿಯುವ ಕಷ್ಟ ಯಾವ ಸ್ಪ್ರಾಕೆಟ್ಟಿನಿಂದಲೂ ಪೂರ್ತಿ ತಪ್ಪುವುದಿಲ್ಲ. ಲಾಭ ಕಾಣುವುದು 20ರಿಂದ 40ರೊಳಗೆ. ಕ್ಲಚ್ ಬೇಗ ಪೂರ್ತಿ ಬಿಡಬಹುದು, ತಿರುವು ಮುಗಿದ ಕೂಡಲೇ ಎಳೆತ ಸಿಗುತ್ತದೆ, ಎರಡನೇ ಗೇರು ಸ್ವಲ್ಪ ಮೊದಲೇ ಒಗ್ಗುತ್ತದೆ. 16/47ರಲ್ಲಿ (ಮುಂದೆ 16, ಹಿಂದೆ 47) ಚಕ್ರಕ್ಕೆ ಸಿಗುವ ಎಳೆತ ಶೇ 6.25 ಹೆಚ್ಚು, 17/49ರಲ್ಲಿ ಶೇ 4.3, 17/50ರಲ್ಲಿ ಶೇ 6.4, 16/49ರಲ್ಲಿ ಶೇ 10.8. ಹೆದ್ದಾರಿಯಲ್ಲಿ ಆರನೇ ಗೇರಿನಲ್ಲಿ 90ಕ್ಕೆ ಈಗ 3,980 ಆರ್‌ಪಿಎಂ ಇದ್ದದ್ದು 16/47ರಲ್ಲಿ 4,230 ಆಗುತ್ತದೆ. ಅದು ಗೊತ್ತೂ ಆಗಲಿಕ್ಕಿಲ್ಲ.

ಇನ್ನೊಂದು, ದುಡ್ಡಿಲ್ಲದ ಕೆಲಸ: ಘಟ್ಟದಲ್ಲಿ ಡಿ-ಮೋಡ್ ಬಿ (ಥ್ರಾಟಲ್ ಮೆತ್ತಗೆ ಸ್ಪಂದಿಸುವ ಸೆಟ್ಟಿಂಗ್) ಇಟ್ಟು ನೋಡಿದ್ದೀರಾ? ಕ್ಲಚ್ ಕೇಬಲ್ ಮತ್ತು ಥ್ರಾಟಲ್ ಕೇಬಲ್‌ಗಳ ಸಡಿಲನ್ನೂ ಸರಿ ಮಾಡಿಕೊಳ್ಳಿ. ಕೇಬಲ್ ಸಡಿಲಿದ್ದರೆ ಕೆಳಗಿನ ಆರ್‌ಪಿಎಂನಲ್ಲಿ ಗಾಡಿ ಜಗ್ಗಿ ಜಗ್ಗಿ ಹೋಗುತ್ತದೆ, ಬೈಸಿಕೊಳ್ಳುವುದು ಮಾತ್ರ ಸ್ಪ್ರಾಕೆಟ್.

ಉಪ್ಪುಗಾಳಿ (ಕಾರವಾರ):

ಲೆಕ್ಕ ಸರಿ. ಆದರೆ 16/47 ಮತ್ತು 17/50 ಎಳೆತದಲ್ಲಿ ಒಂದೇ ಆದರೂ ಚೈನಿನ ಪಾಲಿಗೆ ಒಂದೇ ಅಲ್ಲ ಮಾರಾಯ್ರೆ. ಮುಂದಿನ ಸ್ಪ್ರಾಕೆಟ್ ಚಿಕ್ಕದಾದರೆ ಅದೇ ಟಾರ್ಕಿಗೆ ಚೈನಿನ ಮೇಲಿನ ಜಗ್ಗು ಶೇ 6ರಷ್ಟು ಏರುತ್ತದೆ. ಪ್ರತಿ ಲಿಂಕೂ ಹೆಚ್ಚು ಮಡಚಬೇಕು, 21.2 ಡಿಗ್ರಿ ಇದ್ದದ್ದು 22.5. ಚೈನ್ ಸ್ವಿಂಗ್‌ಆರ್ಮಿನ (ಹಿಂಚಕ್ರ ಹಿಡಿದಿರುವ ತೋಳಿನ) ಸ್ಲೈಡರ್‌ಗೂ ಹತ್ತಿರವಾಗಿ ಉಜ್ಜತೊಡಗುತ್ತದೆ. ಹಿಂದಿನ ಸ್ಪ್ರಾಕೆಟ್ ದೊಡ್ಡದು ಮಾಡಿದರೆ ಇದ್ಯಾವುದೂ ಇಲ್ಲ, ಚೈನಿನ ಜಗ್ಗು ಮೊದಲಿದ್ದಷ್ಟೇ. ಮುಂದೆ 16 ತೀರಾ ಕೆಟ್ಟದ್ದಲ್ಲ, ಅಗ್ಗದ ದಾರಿ ಅಷ್ಟೇ. 15ರ ಯೋಚನೆ ಮಾತ್ರ ಬಿಡಿ.

ಹಳೇ ಚೈನ್ ಇಡುವುದೋ ಬೇಡವೋ ಎಂದು ಟೇಪು ಹೇಳುತ್ತದೆ. ಚೈನನ್ನು ಬಿಗಿಯಾಗಿ ಎಳೆದು ಹಿಡಿದು, ಒಂದು ಪಿನ್ನಿನ ನಡುವಿನಿಂದ ಮುಂದಿನ 20 ಲಿಂಕ್ ದಾಟಿದ ಪಿನ್ನಿನ ನಡುವಿಗೆ ಅಳೆಯಿರಿ. ಹೊಸದರಲ್ಲಿ 317.5 ಮಿ.ಮೀ. ಬರುತ್ತದೆ, ಒಂದು ಪಿಚ್ (ಪಿನ್ನಿನಿಂದ ಪಿನ್ನಿಗೆ ಇರುವ ದೂರ) 15.875 ಇರುವುದರಿಂದ. ಎರಡು ಮೂರು ಕಡೆ ಅಳೆದು ಅತಿ ಉದ್ದ ಬಂದದ್ದನ್ನು ನಂಬಿ. 321 ದಾಟಿದ್ದರೆ ಅದರ ಮೇಲೆ ಹೊಸ ಸ್ಪ್ರಾಕೆಟ್ ಹಾಕುವುದು ದಂಡ, 323 ಬಂದರೆ ಗಾಡಿ ಹೊರಗೇ ತೆಗೆಯಬೇಡಿ. ಹಿಗ್ಗಿದ ಚೈನ್ ಹೊಸ ಹಲ್ಲಿನ ತಳದಲ್ಲಿ ಕೂರದೆ ತುದಿಗೆ ಏರಿ ಓಡುತ್ತದೆ, ಕೆಲವೇ ಸಾವಿರ ಕಿ.ಮೀ.ಗೆ ಹಲ್ಲು ಕೊಕ್ಕೆಯಾಗುತ್ತದೆ.

ಹಗುರವೆಂದು 520 ಚೈನಿಗೆ ಬದಲಾಯಿಸುವ ಆಸೆ ಹುಟ್ಟಬಹುದು. ಪಿಚ್ ಒಂದೇ ಆದರೂ ಅಗಲ ಬೇರೆ: 520ರಲ್ಲಿ ಒಳಗಿನ ಅಗಲ 6.35 ಮಿ.ಮೀ., 530ರಲ್ಲಿ 9.53. ಚೈನ್, ಎರಡೂ ಸ್ಪ್ರಾಕೆಟ್ ಎಲ್ಲ ಒಂದೇ ಅಗಲದ್ದೇ ಬೇಕು. ರೇಸಿಗೆ ಸರಿ, ನಮ್ಮ ಮಳೆಗೆ ಮತ್ತು ದಿನದ ಓಡಾಟಕ್ಕೆ 530 ಇರಲಿ. ಹಿಂದಿನದು ಅಲ್ಯೂಮಿನಿಯಂ ಬೇಡ, ಸ್ಟೀಲೇ ತನ್ನಿ. ಅಲ್ಯೂಮಿನಿಯಂ ಬೇಗ ಸವೆಯುತ್ತದೆ. ಕಡಲ ಪಕ್ಕದಲ್ಲಿ ಸ್ಟೀಲ್ ಬೋಲ್ಟ್ ತಾಗುವ ಜಾಗದಲ್ಲಿ ಬಿಳಿ ಪುಡಿ ಬರುತ್ತದಲ್ಲ, ಉಪ್ಪು ನೀರಿನಲ್ಲಿ ಎರಡು ಲೋಹ ಸೇರಿದರೆ ಆಗುವುದೇ ಅದು.

ದೇವಿಮನೆ_ತಿರುವು:

ಅಳೆದೆ. ಎರಡು ಕಡೆ 320.5, ಒಂದು ಕಡೆ 322. ಹಾಗಾದರೆ ಮೂರೂ ಹೊಸದು. 17/50 ಎಂದರೆ ಚೈನ್ ಎಷ್ಟು ಲಿಂಕ್? ಕೆಲಸ ನಾನೇ ಮಾಡಬಹುದೋ?

ಉಪ್ಪುಗಾಳಿ:

ಮುಂದೆಯಾಗಲಿ ಹಿಂದೆಯಾಗಲಿ ಒಂದು ಹಲ್ಲು ಹೆಚ್ಚಿದರೆ ಹಿಂಚಕ್ರದ ಆಕ್ಸಲ್ ಸುಮಾರು 4 ಮಿ.ಮೀ. ಮುಂದೆ ಬರುತ್ತದೆ. ಕಡಿಮೆಯಾದರೆ ಅಷ್ಟೇ ಹಿಂದೆ. ಎರಡು ಲಿಂಕ್ ಸೇರಿಸಿದರೆ 16 ಮಿ.ಮೀ. ಹಿಂದೆ. ನಿಮಗೆ ಮೂರು ಹಲ್ಲು ಹೆಚ್ಚು, 12 ಮುಂದೆ. 120 ಲಿಂಕಿನ ಹೊಸ ಚೈನಿನಲ್ಲಿ ಅಡ್ಜಸ್ಟರ್ ಮುಂದಕ್ಕೆ ಹೋಗಿ ಹೋಗಿ ಜಾಗವೇ ಮುಗಿಯಬಹುದು. 122 ತಂದರೆ ಮೊದಲಿದ್ದ ಜಾಗದಿಂದ 4 ಮಿ.ಮೀ. ಹಿಂದೆ ಕೂರುತ್ತದೆ, ಚೈನ್ ಹಿಗ್ಗಿದ ಮೇಲೆ ಬಿಗಿ ಮಾಡಲಿಕ್ಕೂ ದಾರಿ ಉಳಿಯುತ್ತದೆ. 121 ಆಗದು, ಒಳ ಲಿಂಕ್ ಹೊರ ಲಿಂಕ್ ಜೋಡಿಯಾಗಿಯೇ ಬರಬೇಕು.

ಟಾರ್ಕ್ ರೆಂಚ್, ಚೈನ್ ಕಟರ್, ರಿವೆಟ್ ಟೂಲ್ ಇದ್ದರೆ ನೀವೇ ಮಾಡಬಹುದು. ಈ ಮೂರರಲ್ಲಿ ಒಂದು ಇಲ್ಲದಿದ್ದರೂ ಗ್ಯಾರೇಜಿಗೆ ಕೊಡಿ.

ಎಲ್ಲರೂ ಎಡವುವುದು ಕ್ರಮದಲ್ಲಿ. ಚೈನ್ ಬಿಚ್ಚಿ, ಚಕ್ರ ಸಡಿಲಿಸಿ, ಆಮೇಲೆ ಮುಂದಿನ ಸ್ಪ್ರಾಕೆಟ್ ನಟ್ಟಿಗೆ ಕೈ ಹಾಕುತ್ತಾರೆ. ಆಗ ಶಾಫ್ಟ್ ತಿರುಗದಂತೆ ಹಿಡಿದುಕೊಳ್ಳಲು ಏನೂ ಇರುವುದಿಲ್ಲ. ಮೊದಲ ಕೆಲಸವೇ ಮುಂದಿನ ನಟ್ಟು. ಗಾಡಿ ನೆಲದ ಮೇಲೆ, ಹಳೇ ಚೈನ್ ಹಾಕಿದ ಹಾಗೇ, ಗೇರಿನಲ್ಲಿ, ಇನ್ನೊಬ್ಬರು ಹಿಂದಿನ ಬ್ರೇಕ್ ಒತ್ತಿ ಹಿಡಿಯಲಿ. ಸ್ಪ್ರಾಕೆಟ್ ಕವರ್ ತೆಗೆಯಲು ಗೇರ್ ಲಿವರಿನ ತೋಳು ಬಿಚ್ಚಬೇಕಾದರೆ ಶಾಫ್ಟಿನ ಮೇಲೆ ಬಿಳಿ ಬಣ್ಣದ ಗೆರೆ ಹಾಕಿಕೊಳ್ಳಿ. ಒಂದು ಗೀರು ಆಚೀಚೆಯಾದರೂ ಗೇರ್ ಸರಿ ಬೀಳುವುದಿಲ್ಲ.

ಕವರ್ ತೆಗೆದರೆ ಒಳಗೆ ಕಪ್ಪು ಗ್ರೀಸು, ಕೆಂಪು ಮಣ್ಣು ಸೇರಿ ಹಿಟ್ಟಿನ ಹಾಗೆ ಮೆತ್ತಿಕೊಂಡಿರುತ್ತದೆ. ಅದನ್ನು ಮರದ ಚೂರಿನಿಂದ ಕೆರೆದು ಪೂರ್ತಿ ತೆಗೆಯಿರಿ, ಶಾಫ್ಟಿನ ಆಯಿಲ್ ಸೀಲ್ ಸೋರುತ್ತಿದ್ದರೆ ಕಾಣುವುದು ಆಗಲೇ. ನಟ್ಟಿನ ಚಪ್ಪಟೆ ಮುಖಕ್ಕೆ ಮಡಚಿರುವ ಲಾಕ್ ವಾಷರ್ ಅಂಚನ್ನು ಉಳಿಯಿಂದ ಬಿಡಿಸಿ ನೆಟ್ಟಗೆ ಮಾಡಿ, ಆಮೇಲೆ ಉದ್ದ ಹಿಡಿಕೆಯ ಸಾಕೆಟ್. ಹೊಸ ಸ್ಪ್ರಾಕೆಟ್ಟಿಗೆ ಹೊಸ ವಾಷರ್. ಹಳೆಯದನ್ನು ಮತ್ತೆ ಮಡಚಿದರೆ ಅದೇ ಗೆರೆಯಲ್ಲಿ ಸೀಳುತ್ತದೆ. ನಟ್ಟನ್ನು ಸರ್ವೀಸ್ ಮ್ಯಾನ್ಯುಯಲ್‌ನಲ್ಲಿರುವ ಟಾರ್ಕಿಗೆ ಬಿಗಿದು, ಅಂಚನ್ನು ಚಪ್ಪಟೆ ಮುಖಕ್ಕೇ ಸರಿಯಾಗಿ ಮಡಚಿ, ಮೂಲೆಗಲ್ಲ.

ಹಿಂದೆ ಚಕ್ರ ತೆಗೆದಾಗ ಹಬ್ಬಿನೊಳಗಿನ ರಬ್ಬರುಗಳನ್ನು ಕೈಯಲ್ಲಿ ಅಲ್ಲಾಡಿಸಿ ನೋಡಿ. ಸಡಿಲಿದ್ದರೆ ಹೊಸ ಚೈನೂ ಧಡ್ ಧಡ್ ಎನ್ನುತ್ತದೆ. ಸ್ಪ್ರಾಕೆಟ್ ನಟ್ಟುಗಳನ್ನು ಎದುರುಬದಿರಾಗಿ ಎರಡು ಸುತ್ತಿನಲ್ಲಿ ಬಿಗಿಯಿರಿ. 50ರ ಸ್ಪ್ರಾಕೆಟ್ ತ್ರಿಜ್ಯದಲ್ಲಿ 7.5 ಮಿ.ಮೀ. ದೊಡ್ಡದು, ಚೈನ್ ಗಾರ್ಡಿಗೆ ತಾಗುತ್ತದೋ ಎಂದು ಕೈಯಲ್ಲಿ ತಿರುಗಿಸಿ ನೋಡಿ.

ಜೋಡಣೆಗೆ ಕ್ಲಿಪ್ ಲಿಂಕ್ ಈ ಗಾಡಿಗೆ ಬೇಡವೇ ಬೇಡ, ರಿವೆಟ್ಟೇ ಆಗಬೇಕು. ನಾಲ್ಕು ರಬ್ಬರ್ ರಿಂಗ್ ಮರೆಯಬೇಡಿ, ಜೊತೆಗೆ ಬಂದ ಗ್ರೀಸು ಪೂರ್ತಿ ಬಳಸಿ. ಪಿನ್ನಿನ ತಲೆ ಎಷ್ಟು ಅಗಲವಾಗಬೇಕೆಂದು ಚೈನಿನ ಪ್ಯಾಕೆಟ್ಟಿನಲ್ಲೇ ಇರುತ್ತದೆ, ವರ್ನಿಯರ್ ಹಿಡಿದು ಅಳೆಯಿರಿ. ಅತಿ ಒತ್ತಿದರೆ ಅಂಚು ಬಿರುಕು ಬಿಡುತ್ತದೆ, ಲಿಂಕ್ ಮಡಚುವುದೂ ಬಿಗಿಯಾಗುತ್ತದೆ.

ಅಡ್ಜಸ್ಟರಿನ ಗೆರೆಗಳನ್ನು ನಂಬುವವರು ನಂಬಲಿ. ಸ್ವಿಂಗ್‌ಆರ್ಮ್ ಪಿವೋಟಿನ ನಡುವಿನಿಂದ ಆಕ್ಸಲ್ ನಡುವಿಗೆ ಎರಡೂ ಕಡೆ ಅಳೆದು ಒಂದೇ ಬಂದರೆ ಮಾತ್ರ ಚಕ್ರ ನೆಟ್ಟಗಿದೆ ಎಂದರ್ಥ. ಚೈನ್ ಬಿಗಿ ಮಾಡುವಾಗ ಚಕ್ರ ತಿರುಗಿಸಿ ಅತಿ ಬಿಗಿ ಇರುವ ಜಾಗದಲ್ಲಿ ಸಡಿಲು ನೋಡಿ. ಸವಾರ ಕೂತು ಸ್ವಿಂಗ್‌ಆರ್ಮ್ ನೇರವಾದಾಗ ಚೈನ್ ಇನ್ನೂ ಬಿಗಿಯುತ್ತದೆ. ಆಗ ಒಂದಿಷ್ಟೂ ಸಡಿಲಿಲ್ಲದಿದ್ದರೆ ಗೇರ್‌ಬಾಕ್ಸಿನ ಔಟ್‌ಪುಟ್ ಬೇರಿಂಗಿನ ಕಥೆ ಮುಗಿಯಿತು.

ಕದ್ರಾ_ರೋಡ್:

ಸ್ಪೀಡೋಮೀಟರ್ ಬಗ್ಗೆ ಯಾರೂ ಹೇಳಲಿಲ್ಲ. ಈ ಮಾಡೆಲ್‌ನ ಸೆನ್ಸರ್ ಗೇರ್‌ಬಾಕ್ಸಿನಲ್ಲಿದೆ, ಚಕ್ರದಲ್ಲಲ್ಲ. 17/50 ಹಾಕಿದ ಮೇಲೆ ಮೊದಲು 80 ತೋರಿಸುತ್ತಿದ್ದ ವೇಗಕ್ಕೆ 85 ತೋರಿಸುತ್ತದೆ. ಓಡೋಮೀಟರೂ ಹಾಗೇ, ಮೊದಲು 1,000 ಬರುತ್ತಿದ್ದ ದೂರಕ್ಕೆ 1,064. ಸರಿಪಡಿಸುವ ಎಲೆಕ್ಟ್ರಾನಿಕ್ ಪೆಟ್ಟಿಗೆ ಹಾಕುವುದಾದರೆ ಮೈನಸ್ 6.0 ಇಡಿ, ಮೊದಲಿನ ಓದಿಗೆ ಬರುತ್ತದೆ. ಹಾಕದಿದ್ದರೆ ಮೈಲೇಜ್ ಲೆಕ್ಕ ಹಿಡಿಯುವಾಗ ಮೀಟರ್ ತೋರಿಸಿದ ಕಿ.ಮೀ.ಯನ್ನು 0.94ರಿಂದ ಗುಣಿಸಿ. ಇಲ್ಲವಾದರೆ ಸ್ಪ್ರಾಕೆಟ್ ಹಾಕಿ ಮೈಲೇಜ್ ಜಾಸ್ತಿ ಆಯ್ತು ಅಂತ ಇಲ್ಲಿ ಬಂದು ಬರೆಯುತ್ತೀರಿ!

ಹಲ್ಲೆಣಿಕೆ:

ಚೈನ್ ತೊಳೆಯುವುದಕ್ಕೆ ಸೀಮೆಎಣ್ಣೆ, ಮೆತ್ತನೆ ಬ್ರಶ್. ಪೆಟ್ರೋಲ್ ಮತ್ತು ತಂತಿ ಬ್ರಶ್ ರಿಂಗುಗಳನ್ನು ತಿನ್ನುತ್ತವೆ. ಮಳೆಗಾಲದಲ್ಲಿ 300 ಕಿ.ಮೀ.ಗೊಮ್ಮೆ ಎಣ್ಣೆ, ಅದೂ ಮನೆಗೆ ಬಂದು ಚೈನ್ ಬೆಚ್ಚಗಿರುವಾಗ, ಒಳಬದಿಗೆ. ಹೊಸ ಚೈನ್ ಮೊದಲು ಸ್ವಲ್ಪ ಕೂರುತ್ತದೆ, ಹಾಗಾಗಿ ಕುಮಟಾಕ್ಕೆ ಒಂದೆರಡು ಸಲ ಹೋಗಿ ಬಂದ ಮೇಲೆ ಸಡಿಲು ಮತ್ತೊಮ್ಮೆ ಅಳೆಯಿರಿ, ಹಿಂದಿನ ಸ್ಪ್ರಾಕೆಟ್ ನಟ್ಟುಗಳ ಮೇಲೂ ಟಾರ್ಕ್ ರೆಂಚ್ ಇಟ್ಟು ನೋಡಿ.