ಕುಡಿತ ಬಿಡುವವರ ಮೀಟಿಂಗ್: ನನಗೆ ಹೊಂದುವುದು ಯಾವುದು?

ಪ್ರಶ್ನೆ: ನಮಸ್ಕಾರ ಮೇಡಂ. ಕುಡಿಯುವುದು ಬಿಟ್ಟು ಕೆಲವು ವಾರ ಆಯಿತು. ಡಾಕ್ಟರ್ ಹೇಳಿದರು ಅಂತ ಎಎ (ಆಲ್ಕೊಹಾಲಿಕ್ಸ್ ಅನಾನಿಮಸ್, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟ) ಮೀಟಿಂಗ್‌ಗೆ ಹೋದೆ. ಅಲ್ಲಿದ್ದವರೆಲ್ಲ ನನಗಿಂತ ತುಂಬಾ ದೊಡ್ಡವರು. ಮಾತುಮಾತಿಗೂ ದೇವರು. ನಾನು ದೇವರನ್ನು ನಂಬುವವನಲ್ಲ. ಹಿಂದಿನ ಸಾಲಿನಲ್ಲಿ ಕೂತಿದ್ದು, ಮುಗಿದ ತಕ್ಷಣ ಎದ್ದು ಬಂದುಬಿಟ್ಟೆ. ಇದು ನನಗೆ ಆಗಿಬರುವುದಲ್ಲ ಅನ್ನಿಸುತ್ತಿದೆ. ಬೇರೆ ದಾರಿ ಇದೆಯಾ?

ಉತ್ತರ (ವ್ಯಸನ ಆಪ್ತಸಮಾಲೋಚಕಿ): ಬೇರೆ ದಾರಿ ಇದೆ, ಹೇಳ್ತೀನಿ. ಆದರೆ ನೀವು ನೋಡಿದ್ದು ಒಂದು ಗುಂಪನ್ನು, ಇಡೀ ಎಎಯನ್ನಲ್ಲ. ಅಲ್ಲಿ ಪ್ರತಿ ಗುಂಪೂ ತನ್ನ ಮೀಟಿಂಗ್ ಹೇಗೆ ನಡೆಯಬೇಕು ಅಂತ ತಾನೇ ತೀರ್ಮಾನಿಸುತ್ತದೆ. ಒಂದು ಕಡೆ ಒಬ್ಬರು ಎದ್ದು ತಮ್ಮ ಕಥೆ ಪೂರ್ತಿ ಹೇಳುತ್ತಾರೆ, ಉಳಿದವರು ಕೇಳುತ್ತಾರೆ. ಇನ್ನೊಂದು ಕಡೆ, ಕುಡಿತದಿಂದ ಹೊರಬರಲು ಎಎ ಹೇಳಿಕೊಡುವ ಹನ್ನೆರಡು ಹೆಜ್ಜೆಗಳಲ್ಲಿ ಒಂದನ್ನು ಹಿಡಿದು ಚರ್ಚೆ. ಹೊಸಬರಿಗೆ, ಹೆಂಗಸರಿಗೆ, ಚಿಕ್ಕ ವಯಸ್ಸಿನವರಿಗೆ ಅಂತಲೇ ನಡೆಯುವವೂ ಉಂಟು. ದೇವರನ್ನು ನಂಬದವರೇ ಸೇರಿ ನಡೆಸುವ ಎಎ ಗುಂಪುಗಳೂ ಇವೆ. ಎಎ ಸೇರಲು ಇರುವ ಷರತ್ತು ಒಂದೇ: ಕುಡಿತ ಬಿಡಬೇಕು ಅನ್ನುವ ಆಸೆ. ನಂಬಿಕೆಯನ್ನು ಯಾರೂ ಪರೀಕ್ಷೆ ಮಾಡುವುದಿಲ್ಲ.

ಅದಕ್ಕೇ ನಾನು ಹೇಳುವುದು, ಬೇರೆ ಬೇರೆ ಐದಾರು ಮೀಟಿಂಗ್ ನೋಡಿ, ಆಮೇಲೆ ಬೇಡ ಅನ್ನಿ. ನೋಡುವಾಗ ಅಲ್ಲಿಯ ಮಾತು ಎಷ್ಟು ಚೆನ್ನಾಗಿತ್ತು ಅಂತ ಅಳೆಯುವುದಕ್ಕಿಂತ, ಮುಗಿದ ಮೇಲಿನ ಹತ್ತು ನಿಮಿಷ ಗಮನಿಸಿ. ಕುರ್ಚಿ ಮಡಚಿಡುತ್ತಾ, ಟೀ ಲೋಟ ಹಿಡಿದು ಒಬ್ಬರಿಗೊಬ್ಬರು ಮಾತಾಡುವ ಹೊತ್ತು ಅದು. ಹೊಸಬರನ್ನು ಯಾರಾದರೂ ತಾವಾಗಿಯೇ ಮಾತಾಡಿಸುತ್ತಾರಾ? ಫೋನ್ ನಂಬರ್ ಕೊಡುತ್ತಾರಾ? ರಾತ್ರಿ ಕುಡಿಯಬೇಕು ಅನ್ನಿಸಿದಾಗ ಕೆಲಸಕ್ಕೆ ಬರುವುದು ಆ ನಂಬರ್. ನೀವು ಎದ್ದು ಬಂದಿದ್ದು ಸರಿಯಾಗಿ ಅದೇ ಹೊತ್ತಿಗೆ!

ಹೆಜ್ಜೆಗಳ ದಾರಿಯೇ ಬೇಡ ಅಂದರೆ ಸ್ಮಾರ್ಟ್ ರಿಕವರಿ ಅನ್ನುವ ಬೇರೆ ಸಂಸ್ಥೆಯ ಗುಂಪುಗಳಿವೆ, 1994ರಿಂದ. ಅಲ್ಲಿ ದೇವರ ಮಾತಿಲ್ಲ. ಆಸೆ ಬಂದಾಗ ಮನಸ್ಸು ಹೇಗೆ ನೆಪ ಹುಡುಕುತ್ತದೆ, ಅದಕ್ಕೆ ಏನು ಮಾಡಬೇಕು ಅನ್ನುವುದರ ಅಭ್ಯಾಸ ಮಾಡಿಸುತ್ತಾರೆ. ತರಬೇತಿ ಪಡೆದವರೊಬ್ಬರು ನಡೆಸಿಕೊಡುತ್ತಾರೆ. ಹೆಂಗಸರಿಗೇ ಅಂತ 1975ರಲ್ಲಿ ಶುರುವಾದ ವಿಮೆನ್ ಫಾರ್ ಸೊಬ್ರೈಟಿ ಕೂಡ ಇದೆ. ಎಎ ಗುಂಪುಗಳಷ್ಟು ಹತ್ತಿರದಲ್ಲೇ ಇವು ಸಿಗುವುದು ಕಷ್ಟ. ಆದರೆ ಎರಡೂ ಆನ್‌ಲೈನ್‌ನಲ್ಲಿವೆ.

ಇನ್ನೊಬ್ಬರು: ಮೇಡಂ, ನಮ್ಮ ಯಜಮಾನರು ಒಬ್ಬರೇ ಹೋಗಲು ಹಿಂಜರಿಯುತ್ತಾರೆ. ನಾನೂ ಒಳಗೆ ಕೂರಬಹುದಾ?

ಉತ್ತರ: ಓಪನ್ ಮೀಟಿಂಗ್ ಆದರೆ ಧಾರಾಳವಾಗಿ ಕೂರಬಹುದು ಅಮ್ಮ. ಕ್ಲೋಸ್ಡ್ ಅಂತ ಇದ್ದರೆ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಮೊದಲೇ ಫೋನ್ ಮಾಡಿ ಕೇಳಿಕೊಳ್ಳಿ. ಮಾತಾಡಲೇಬೇಕು ಅಂತ ನಿಮ್ಮ ಯಜಮಾನರಿಗೆ ಯಾರೂ ಒತ್ತಾಯ ಮಾಡುವುದಿಲ್ಲ, ಸುಮ್ನೆ ಕೇಳಿಸಿಕೊಂಡು ಬರಬಹುದು. ಶುಲ್ಕ ಇಲ್ಲ. ಕಾಣಿಕೆಗೆ ಬುಟ್ಟಿಯೋ ಡಬ್ಬಿಯೋ ಬಂದರೆ ಹೊಸಬರು ಹಾಕಬೇಕಾಗಿಲ್ಲ. ಕುಡಿಯುವವರ ಮನೆಯವರಿಗೆ ಅಂತಲೇ ಅಲ್-ಅನಾನ್ ಅನ್ನುವ ಗುಂಪುಗಳಿವೆ. ಯಜಮಾನರು ಕುಡಿತ ಬಿಟ್ಟರೂ ಬಿಡದಿದ್ದರೂ ನೀವು ಅಲ್ಲಿಗೆ ಹೋಗಬಹುದು. ನಿಮಗೂ ಒಂದು ಜಾಗ ಬೇಕು, ಅಲ್ವಾ?

ಮೂರನೆಯವರು: ಗುಂಪಿನಲ್ಲಿ ಹಿರಿಯರೊಬ್ಬರು, 'ಮಾತ್ರೆ ನುಂಗುತ್ತಿದ್ದರೆ ಅದು ಬಿಟ್ಟ ಹಾಗಲ್ಲ, ನಿಲ್ಲಿಸು' ಅಂದರು. ಕುಡಿಯುವ ಆಸೆ ತಗ್ಗಿಸಲು ಡಾಕ್ಟರ್ ಕೊಟ್ಟ ನಾಲ್ಟ್ರೆಕ್ಸೋನ್ ತೆಗೆದುಕೊಳ್ಳುತ್ತಿದ್ದೇನೆ.

ಉತ್ತರ: ನಿಲ್ಲಿಸಬೇಡಿ. ನಾಲ್ಟ್ರೆಕ್ಸೋನ್ ಆಗಲಿ, ಕುಡಿತ ಬಿಟ್ಟವರಿಗೇ ಕೊಡುವ ಇನ್ನೊಂದು ಮಾತ್ರೆ ಅಕಾಂಪ್ರೊಸೇಟ್ ಆಗಲಿ ಅಮಲಿನ ಔಷಧಿಗಳಲ್ಲ. ಎಎ ತನ್ನ ಕಿರುಹೊತ್ತಗೆಯಲ್ಲೇ ಹೇಳಿದೆ, ಯಾವ ಸದಸ್ಯರೂ ಡಾಕ್ಟರ್ ಆಗಲು ಹೋಗಬಾರದು ಅಂತ. ಅವರು ಕೆಟ್ಟ ಮನಸ್ಸಿನಿಂದ ಹೇಳಿರಲಾರರು. ಆದರೆ ಮಾತ್ರೆಯ ಮಾತು ಡಾಕ್ಟರ್ ಹತ್ತಿರ ಮಾತ್ರ. ಆ ಗುಂಪಿನಲ್ಲಿ ಎಲ್ಲರೂ ಹೀಗೇ ಅನ್ನುತ್ತಿದ್ದರೆ ಗುಂಪು ಬದಲಾಯಿಸಿ. ಹಣ ಕೇಳುವವರು, ಹೊಸದಾಗಿ ಬಂದ ಹೆಣ್ಣುಮಕ್ಕಳ ಹಿಂದೆ ಬೀಳುವವರು, ಒಳಗೆ ಕೇಳಿದ್ದನ್ನು ಹೊರಗೆ ಆಡುವವರು ಕಂಡರೂ ಅಷ್ಟೇ. ಸ್ಪಾನ್ಸರ್ (ಹೊಸಬರಿಗೆ ದಾರಿ ತೋರುವ ಹಳೆಯ ಸದಸ್ಯರು) ಆರಿಸುವಾಗಲೂ ಅವಸರ ಬೇಡ. ಗಂಡಸರಿಗೆ ಗಂಡಸರು, ಹೆಂಗಸರಿಗೆ ಹೆಂಗಸರು ಇರಲಿ ಅನ್ನುವುದು ಹಳೆಯ ರೂಢಿ, ಒಳ್ಳೆಯದೇ.

ನಾಲ್ಕನೆಯವರು: ನಾನು ದಿನಾ ಕುಡಿಯುತ್ತೇನೆ. ಬೆಳಿಗ್ಗೆ ಕೈ ನಡುಗುತ್ತದೆ, ಒಂದು ಪೆಗ್ ಹಾಕಿದರೆ ನಿಲ್ಲುತ್ತದೆ. ನಾಳೆಯೇ ಬಿಟ್ಟು ಮೀಟಿಂಗ್‌ಗೆ ಹೋಗೋಣ ಅಂತಿದ್ದೇನೆ.

ಉತ್ತರ: ಮೊದಲು ಆಸ್ಪತ್ರೆ, ಆಮೇಲೆ ಮೀಟಿಂಗ್. ನಿಮ್ಮ ದೇಹ ಮದ್ಯಕ್ಕೆ ಒಗ್ಗಿಹೋಗಿದೆ. ಒಮ್ಮೆಲೇ ಬಿಟ್ಟರೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರಬಹುದು. ಎರಡರಿಂದ ನಾಲ್ಕನೇ ದಿನದೊಳಗೆ ಜ್ವರ, ಗೊಂದಲ, ಇಲ್ಲದ್ದು ಕಾಣಿಸುವುದು ಶುರುವಾಗಬಹುದು. ಪ್ರಾಣಕ್ಕೇ ಅಪಾಯ. ಡಾಕ್ಟರ್ ಔಷಧಿ ಕೊಟ್ಟು, ವಿಟಮಿನ್ ಬಿ1 ಕೊಟ್ಟು ಸುರಕ್ಷಿತವಾಗಿ ಬಿಡಿಸುತ್ತಾರೆ. ನೋಡಿಸಿಕೊಳ್ಳುವವರೆಗೆ ನೀವಾಗಿಯೇ ಪೂರ್ತಿ ನಿಲ್ಲಿಸಬೇಡಿ. ನಾಳೆ ಆಸ್ಪತ್ರೆಗೆ ಹೋಗುವಾಗ ಮನೆಯವರನ್ನು ಜೊತೆಗೆ ಕರೆದುಕೊಂಡು ಹೋಗಿ. ಎಷ್ಟು ಕುಡಿಯುತ್ತೀರಿ ಅನ್ನುವುದನ್ನು ಕಡಿಮೆ ಮಾಡಿ ಹೇಳಬೇಡಿ, ಔಷಧಿಯ ಪ್ರಮಾಣ ಅದರ ಮೇಲೇ ನಿಂತಿರುತ್ತದೆ.

ಮೊದಲ ಪ್ರಶ್ನೆ ಕೇಳಿದವರು: ಥ್ಯಾಂಕ್ಸ್ ಮೇಡಂ. ಆನ್‌ಲೈನ್ ಮೀಟಿಂಗ್ ಮಾತ್ರ ಸಾಕಾಗುತ್ತದಾ?

ಉತ್ತರ: ಶುರು ಮಾಡಲು ಸಾಕು. ರಾತ್ರಿ ಪಾಳಿ ಇರುವವರಿಗೆ, ಓಡಾಟ ಕಷ್ಟ ಇರುವವರಿಗೆ ಅದೇ ದೊಡ್ಡ ಅನುಕೂಲ. ಆದರೆ ಕ್ಯಾಮೆರಾ ಆಫ್ ಮಾಡಿ ಕೂತರೆ ಅದೂ ಹಿಂದಿನ ಸಾಲೇ. ವಾರಕ್ಕೆ ಒಂದಾದರೂ ಎದುರುಬದುರು ಕೂರುವ ಮೀಟಿಂಗ್ ಇಟ್ಟುಕೊಳ್ಳಿ. ಕೆಲಸ ಮುಗಿಸಿ ಬರುವಾಗ ಕುಡಿಯುತ್ತಿದ್ದ ಹೊತ್ತಿಗೇ ಬೀಳುವಂಥದ್ದು ಸಿಕ್ಕರೆ ಅದನ್ನೇ ಹಿಡಿಯಿರಿ.